ನೂರಕ್ಕೆ ಒಂದರ ಹಳಿ

ನಾನು ಜೋಡಿಸಿದ ಮೊದಲ ರೈಲನ್ನು ನೋಡಿ ಆ ಹುಡುಗಿ ನಕ್ಕಳು. ಖುಷಿಯ ನಗುವಾಗಿದ್ದರೆ ನಾನು ಅಂದೇ ಕೈತೊಳೆದುಕೊಂಡು ಹುಬ್ಬಳ್ಳಿ ಬಸ್ಸು ಹತ್ತುತ್ತಿದ್ದೆ. ಇದು ಅಂಥ ನಗುವಲ್ಲ. ದೊಡ್ಡವರು ಮಕ್ಕಳ ಟೊಪ್ಪಿಗೆ ಹಾಕಿಕೊಂಡು ಬಂದರೆ ನಗುತ್ತಾರಲ್ಲ, ಹಾಗೆ ನಕ್ಕಳು.

"ಇದು ರೈಲಲ್ಲ ತಗೀರಿ, ಆಟಿಗಿ ಸಾಮಾನು," ಅಂದವಳೇ ಗಾಲಿಕುರ್ಚಿ ತಿರುಗಿಸಿಕೊಂಡು ಕಿಟಕಿಯ ಕಡೆಗೆ ಹೋಗಿಬಿಟ್ಟಳು.

ಹುಬ್ಬಳ್ಳಿ-ಧಾರವಾಡದ ನಡುವಿನ ಸತ್ತೂರಿನ ಹತ್ತಿರ, ರಸ್ತೆಯಿಂದ ಸ್ವಲ್ಪ ಒಳಗೆ, ಮುರಿದ ಕೈಕಾಲುಗಳನ್ನು ಮತ್ತೆ ಬಳಕೆಗೆ ತರುವ ಒಂದು ಸಣ್ಣ ಚಿಕಿತ್ಸಾ ಕೇಂದ್ರವದು. ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡೊಂದರಲ್ಲಿ ಬಿಲ್ಡರುಗಳಿಗೆ ಅಪಾರ್ಟ್‌ಮೆಂಟಿನ ಮಾದರಿ ಮಾಡಿಕೊಡುವವಳು. ಪಾಯ ತೋಡುವ ಮೊದಲೇ ಈಜುಕೊಳಕ್ಕೆ ನೀರು ತುಂಬಿಸಿ, ಅಂಗಳದಲ್ಲಿ ಗಿಡ ನೆಟ್ಟು, ಬಾಲ್ಕನಿಯಲ್ಲಿ ಗಂಡ ಹೆಂಡತಿಯನ್ನು ನಿಲ್ಲಿಸುವುದು ನನ್ನ ಕಸುಬು. ಆ ಕೇಂದ್ರದ ಫಿಜಿಯೋಥೆರಪಿಸ್ಟ್ ಯಾರದೋ ಫ್ಲಾಟ್ ನೋಡಲು ಹೋದಾಗ ನನ್ನ ಮಾದರಿ ಕಂಡಿದ್ದರಂತೆ. ಫೋನಿನಲ್ಲಿ ಅವರು ಕೇಳಿದ್ದು ಇಷ್ಟೇ: "ಮಕ್ಕಳು ನೋಡೂಹಂಥಾದ್ದು ಒಂದು ರೈಲು ಬೇಕ್ರಿ. ಕೂತ್ರ ಕಾಣಬಾರದು, ನಿಂತ್ರ ಕಾಣಬೇಕು."

ಮಕ್ಕಳು ಅಂತ ಬಹುವಚನದಲ್ಲಿ ಹೇಳಿದರೂ ಅವರ ಮನಸ್ಸಿನಲ್ಲಿದ್ದದ್ದು ಈ ಒಬ್ಬಳೇ. ಟ್ರ್ಯಾಕ್ಟರ್ ಟ್ರೇಲರಿನಿಂದ ಬಿದ್ದು ತೊಡೆಯ ಎಲುಬು, ಸೊಂಟ ಎರಡೂ ಮುರಿದಿದ್ದವು. ಆಪರೇಷನ್ ಆಗಿ, ಪಟ್ಟಿ ಬಿಚ್ಚಿ, ಎಲ್ಲ ಮುಗಿದಿತ್ತು. ಹುಡುಗಿ ಮಾತ್ರ ನೆಲಕ್ಕೆ ಕಾಲು ಊರಲು ಒಲ್ಲೆ ಅನ್ನುತ್ತಿದ್ದಳು.

"ಎಲುಬು ಕೂಡ್ಯಾವ. ಅಂಜಿಕಿ ಒಂದ ಹೋಗವಲ್ದು," ಅಂದರು ಫಿಜಿಯೋ ಮೇಡಂ. "ಹಿಂಗ ಕೂತಬಿಟ್ಟಳಂದ್ರ ಸೊಂಟದ ಕೀಲು ಬಿಗೀತದ. ಆಮೇಲೆ ಆಕೀನ ನಿಂದರ್ತೀನಿ ಅಂದ್ರೂ ಕಾಲು ಕೇಳೂದಿಲ್ಲ. ಅದಕ್ಕ ಗಡಿಬಿಡಿ ಮಾಡ್ಲಿಕ್ಕೆ ಹತ್ತೇನಿ."

ಹುಡುಗಿಯ ಅಪ್ಪ ರೈಲು ಹಳಿ ಕಾಯುವ ಟ್ರ್ಯಾಕ್‌ಮನ್. ಧಾರವಾಡದ ಆಚೆ, ಹಳಿಯ ಪಕ್ಕದ ಕ್ವಾರ್ಟರ್ಸಿನಲ್ಲಿ ಅವಳು ಬೆಳೆದದ್ದು. ರೈಲಿನ ಆಸೆ ತೋರಿಸಿದರೆ ಎದ್ದು ನಿಂತಾಳು ಅಂತ ಮೇಡಂ ಲೆಕ್ಕ ಹಾಕಿದ್ದರು. ಲೆಕ್ಕವೇನೋ ಸರಿ. ಆದರೆ ಹಳಿಯ ಪಕ್ಕ ಹುಟ್ಟಿದವಳ ಮುಂದೆ ನಾನು ಹರಡಿದ್ದು ಬೂದು ಪ್ಲಾಸ್ಟಿಕ್ ದಿಂಡಿನ ಮೇಲೆ ಕೂತ, ಚಟ್ ಅಂತ ಒಂದಕ್ಕೊಂದು ಸಿಕ್ಕಿಸುವ ಆಟದ ಹಳಿ. ಅಗ್ಗ, ಗಟ್ಟಿ, ಜೋಡಿಸಲು ಸುಲಭ. ಪರೀಕ್ಷೆಗೆಂದು ಹಜಾರದ ನೆಲದ ಮೇಲೆ ಓಡಿಸಿದ್ದೆ. ನಗದೆ ಇನ್ನೇನು ಮಾಡುತ್ತಾಳೆ?

ನನಗೆ ಸಿಟ್ಟು ಬಂತು. ನನ್ನ ಕೆಲಸವನ್ನು ನೋಡಿ ಬಿಲ್ಡರುಗಳು ದುಡ್ಡು ಕಡಿಮೆ ಮಾಡೆಂದು ಜಗ್ಗುತ್ತಾರೆ, ಆದರೆ ನಗುವುದಿಲ್ಲ. ಮರುದಿನ ಬೆಳಿಗ್ಗೆಯೇ ಒಂದು ರೈಲ್ವೆ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ ಹಳಿ ನೋಡುತ್ತ ನಿಂತೆ. ಇಷ್ಟು ವರ್ಷ ಆ ಗೇಟು ದಾಟಿದ್ದೇನೆ, ಹಳಿಯನ್ನು ನೋಡಿಯೇ ಇರಲಿಲ್ಲ. ಅದರ ತಲೆ ಮಾತ್ರ ಬೆಳ್ಳಿಯಂತೆ ಹೊಳೆಯುತ್ತದೆ. ಬಾಜುಗಳು ತುಕ್ಕು ಕಂದು. ಕೆಳಗೆ ಅಡ್ಡಲಾಗಿ ಹಾಸಿದ ಸಿಮೆಂಟಿನ ಸ್ಲೀಪರುಗಳು ಅಚ್ಚ ಬೂದು ಅಲ್ಲ, ಎಣ್ಣೆ, ಧೂಳು ಕುಡಿದು ಮಾಸಲು. ಜಲ್ಲಿ ಅಂಚಿನಲ್ಲಿ ಇಳಿಜಾರಾಗಿ ಸುರಿದಿದೆ. ರೈಲು ಬಂದು ಹೋಗುತ್ತದೆ, ಹಳಿ ಕಣ್ಣೆದುರು ಉಳಿಯುತ್ತದೆ. ಹಳಿ ಖರೇ ಅನ್ನಿಸಿದರೆ ಉಳಿದದ್ದೆಲ್ಲ ಖರೇ ಅನ್ನಿಸೀತು ಅಂದುಕೊಂಡೆ.

ಕ್ಯಾಟಲಾಗುಗಳನ್ನು ತಿರುವಿದೆ, ಊರೂರಿನ ಹವ್ಯಾಸಿಗಳಿಗೆ ಫೋನ್ ಮಾಡಿ ತಲೆ ತಿಂದೆ. ಎಲ್ಲರೂ ಹೇಳಿದ್ದು ಒಂದೇ. ಎಲ್ಲ ಕಡೆ ಹೆಚ್ಚು ಚಾಲ್ತಿಯಲ್ಲಿರುವುದು ಎರಡು ಹಳಿಗಳ ನಡುವೆ ಹದಿನಾರೂವರೆ ಮಿಲಿಮೀಟರ್ ಅಂತರದ ದಾರಿ. ಅದರ ಮೇಲೆ ಓಡುವ ರೈಲು ನಿಜದ ಎಂಬತ್ತೇಳರಲ್ಲಿ ಒಂದು ಭಾಗ. ಒಂದು ಮೀಟರ್ ಉದ್ದದ, ಬೇಕಾದಂತೆ ಬಾಗುವ ಪಟ್ಟಿಗಳಲ್ಲಿ ಸಿಗುತ್ತದೆ. ಒಂದು ಪಟ್ಟಿ ತರಿಸಿದೆ. ಎಂಬತ್ತೇಳರ ಅಳತೆಯಲ್ಲೇ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಮ್ಮ ನೀಲಿ ಬೋಗಿಯೊಂದನ್ನು ಮಾಡಿದೆ. ಕಿಟಕಿಯ ಸರಳುಗಳನ್ನೂ ಬಿಡಲಿಲ್ಲ. ಹೆಮ್ಮೆಯಿಂದ ಒಯ್ದು ಹುಡುಗಿಯ ತೊಡೆಯ ಮೇಲಿಟ್ಟೆ.

ಅವಳು ಈ ಸಲ ನಗಲಿಲ್ಲ. ಬಹಳ ಹೊತ್ತು ನೋಡಿದಳು. "ಬೋಗಿ ಛಲೋ ಐತ್ರಿ ಅಕ್ಕಾರ. ಹಳಿ ಸಾಲೂದಿಲ್ಲ."

"ಸಾಲೂದಿಲ್ಲ ಅಂದ್ರ?"

"ಕಾಲು ಕೂಡಿಸಿಕೊಂಡು ನಿಂತಾಂಗ ಐತಿ. ನಮ್ಮ ಹಳಿ ಹಿಂಗ ಇಲ್ಲ. ಕಾಲು ಅಗಲ ಮಾಡಿ ನಿಂದರ್ತೈತಿ. ಇದು ಬೀಳ್ತೈತಿ ನೋಡ್ರಿ."

"ಇಡೀ ಜಗತ್ತಿನ್ಯಾಗ ಇದ ಅಳತಿ ಐತವಾ."

"ಜಗತ್ತಿನ್ಯಾಗ ಇರಬಹುದು. ನಮ್ಮ ಮನಿ ಮುಂದ ಇಲ್ಲ."

ಅವಳ ಜೊತೆಗಿದ್ದ ಅಜ್ಜಿ ಗರಗ ಊರಿನವಳು, ಮಾತಿನಲ್ಲಿ ಚೂಪು. ಮಂಚದ ಮೇಲಿಂದಲೇ ಅಂದಳು: "ಕುಣಿಯಾಕ ಬಾರದಾಕಿ ಅಂಗಳ ಡೊಂಕು ಅಂದ್ಲಂತ. ನೀ ಮೊದಲ ನಿಂದ್ರು ಬೇ, ಆಮ್ಯಾಲ ರೈಲಿಗೆ ಹೆಸರಿಡುವಂತಿ."

"ನಾ ನಿಂದ್ರೂದಿಲ್ಲ," ಅಂತ ಹುಡುಗಿ ಬೋಗಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟಳು.

ಶೆಡ್ಡಿಗೆ ಬಂದು ಲೆಕ್ಕ ಹಾಕಿದೆ. ನಮ್ಮ ಬ್ರಾಡ್‌ಗೇಜಿನ ಅಂತರ ಸಾವಿರದ ಆರುನೂರಾ ಎಪ್ಪತ್ತಾರು ಮಿಲಿಮೀಟರ್. ಎಂಬತ್ತೇಳರಿಂದ ಭಾಗಿಸಿದರೆ ಹತ್ತೊಂಬತ್ತರ ಮೇಲೆ ಬರುತ್ತದೆ. ಹದಿನಾರೂವರೆ ಅನ್ನುವುದು ಹೊರದೇಶಗಳ ಕಿರಿದಾದ ದಾರಿಗೆ ಹೊಂದುವ ಅಳತೆ. ಹುಡುಗಿಯ ಕಣ್ಣು ಸುಳ್ಳು ಹೇಳಿರಲಿಲ್ಲ. ಆ ಹೊತ್ತಿಗೆ ಅವಳ ಮೇಲೂ ಸಿಟ್ಟು, ಕ್ಯಾಟಲಾಗಿನ ಮೇಲೂ ಸಿಟ್ಟು.

ಹತ್ತೊಂಬತ್ತರ ಹಳಿ ಸಿದ್ಧವಾಗಿ ಎಲ್ಲೂ ಸಿಗಲಿಲ್ಲ. ಸರಿ, ಕೈಯಿಂದಲೇ ಹಾಕುತ್ತೇನೆ ಅಂತ ಹಟ ಹಿಡಿದೆ. ಬಿಡಿ ಹಳಿಯ ಕಡ್ಡಿಗಳನ್ನು ತರಿಸಿದೆ. ತಾಮ್ರದ ಪೊರೆಯಿರುವ ಸರ್ಕ್ಯೂಟ್ ಹಲಗೆಯನ್ನು ಸೀಳಿ ಸ್ಲೀಪರ್ ಮಾಡಿದೆ. ಹಿತ್ತಾಳೆ ತಗಡನ್ನು ಕೊರೆದು ಅಂತರ ಹಿಡಿಯುವ ಅಚ್ಚು ಮಾಡಿಕೊಂಡು, ಒಂದೊಂದೇ ಸ್ಲೀಪರಿಗೆ ಹಳಿಯನ್ನು ಬೆಸುಗೆ ಹಾಕುತ್ತ ಹೋದೆ. ಮೊದಲ ಒಂದು ಫೂಟು ಎಷ್ಟು ಚಂದ ಬಂತೆಂದರೆ ಬಂದವರಿಗೆಲ್ಲ ತೋರಿಸಿದೆ.

ತೊಂದರೆ ಶುರುವಾದದ್ದು ಗಾಲಿಯಿಂದ. ಹಳಿ ಅಗಲವಾದರೆ ಗಾಲಿಯೂ ಅಗಲವಾಗಬೇಕಲ್ಲ. ಜೋಡಿ ಗಾಲಿಗಳನ್ನು ಕೂಡಿಸುವ ಅಚ್ಚುಕಡ್ಡಿಯ ಮೇಲೆ ಅವನ್ನು ಹೊರಕ್ಕೆ ಸರಿಸಿದರೆ ಕಡ್ಡಿ ಗಿಡ್ಡವಾಯಿತು. ಉದ್ದ ಕಡ್ಡಿಗಳನ್ನು ಲೇತಿನಲ್ಲಿ ತಿರುವಿಸಿ ತಂದೆ. ಗಾಲಿ ಅಲುಗಾಡಿ ತಿರುವಿನಲ್ಲಿ ರೈಲು ಬಿತ್ತು. ಅಲುಗಾಟ ನಿಲ್ಲಿಸಿದರೆ ಎಂಜಿನ್ನಿನ ಹಲ್ಲುಗಾಲಿ ಕೂಡಲಿಲ್ಲ. ಅದನ್ನು ಕೂಡಿಸುವಷ್ಟರಲ್ಲಿ ಮಧ್ಯಾಹ್ನದ ಬಿಸಿಲಿಗೆ ತಗಡಿನ ಶೆಡ್ಡು ಕಾದು ಬೆಸುಗೆಗಳು ಟಕ್ ಟಕ್ ಅಂತ ಬಿಟ್ಟುಕೊಂಡವು. ನಾನು ಊಟದ ಡಬ್ಬಿ ತೆರೆಯುವುದನ್ನೂ ಮರೆತು ಶೆಡ್ಡಿನೊಳಗೆ ಅತ್ತಿಂದಿತ್ತ ತಿರುಗುತ್ತಿದ್ದೆ. ಅತ್ತ ಬಿಲ್ಡರ್ ಒಬ್ಬನ ಮಾದರಿ ಅರ್ಧಕ್ಕೆ ನಿಂತಿತ್ತು.

ಆಗ ಮೇಡಂ ಫೋನ್ ಬಂತು. "ಹೆಂಗ ನಡದದ್ರಿ ಕೆಲಸ?"

"ಹಳಿ ಇನ್ನೂ ಖರೇ ಕಾಣವಲ್ದು ಮೇಡಂ. ಇನ್ನ ಸ್ವಲ್ಪ ದಿವಸ."

"ನಿಮ್ಮ ಹಳಿ ಖರೇ ಆಗೂತನಕ ಆಕಿ ಸೊಂಟ ಕಾಯೂದಿಲ್ರಿ. ಮೊನ್ನೆಕಿಂತ ಇವತ್ತ ಕಾಲು ಕಡಿಮಿ ಮಡಚ್ಲಿಕ್ಕೆ ಹತ್ಯಾಳ."

ಫೋನ್ ಇಟ್ಟ ಮೇಲೆ ನನಗೆ ಹೆದರಿಕೆಯಾಯಿತು. ಅಲ್ಲಿಯ ತನಕ ಇದು ನನ್ನ ಮತ್ತು ಹಳಿಯ ಜಗಳವಾಗಿತ್ತು. ಒಂದು ಹುಡುಗಿಯ ಕಾಲು ನನ್ನ ಹಟಕ್ಕಾಗಿ ಕಾಯುತ್ತಿದೆ ಅನ್ನುವುದು ಆಗ ಎದೆಗೆ ನಾಟಿತು.

ಮರುದಿನ ಬಿಲ್ಡರ್ ಕಡೆಯ ಮ್ಯಾನೇಜರ್ ಮಾದರಿ ನೋಡಲು ಬಂದ. ಮೇಜಿನ ಮೇಲಿದ್ದ ಹಳಿಯ ಸಾಮಾನನ್ನೆಲ್ಲ ಗಡಿಬಿಡಿಯಲ್ಲಿ ಬಾಚಿ ಪಕ್ಕಕ್ಕೆ ಸರಿಸಿ ಅಪಾರ್ಟ್‌ಮೆಂಟನ್ನು ನಡುವೆ ಇಟ್ಟೆ. ಅವನು ಸುತ್ತ ತಿರುಗಿ ನೋಡಿ ಹುಬ್ಬು ಗಂಟಿಕ್ಕಿದ.

"ಏನ್ರಿ ಇದು, ಕಂಪೌಂಡ್ ಮುಂದ ರೈಲ್ವೆ ಲೈನ್ ಹಾಕೀರಿ? ಇದನ್ನ ನೋಡಿ ಯಾರ ತೊಗೊಂತಾರ್ರಿ ಫ್ಲಾಟು? ಮೊದಲ ತಗೀರಿ ಅದನ್ನ."

ನೋಡಿದೆ. ಹುಡುಗಿ ಬೇಡವೆಂದಿದ್ದ ಹದಿನಾರೂವರೆಯ ಪಟ್ಟಿ ನನ್ನ ಅಪಾರ್ಟ್‌ಮೆಂಟಿನ ಗೋಡೆಯ ಮುಂದೆ ಹೋಗಿ ಬಿದ್ದಿತ್ತು. ಗೇಟಿನಲ್ಲಿ ನಿಲ್ಲಿಸಿದ್ದ ಬೆರಳಿನ ಉಗುರಿನಷ್ಟು ಎತ್ತರದ ಮನುಷ್ಯ ಹಳಿಯ ಅಂಚಿಗೆ ಬಂದು, ಇನ್ನೇನು ದಾಟುತ್ತಾನೆ ಅನ್ನುವಂತೆ ನಿಂತಿದ್ದ. ಹಳಿ ಕಾಲು ಅಗಲ ಮಾಡಿ ನಿಂತಿತ್ತು. ಅಚ್ಚುಕಟ್ಟಾಗಿ ನಮ್ಮ ಹಳಿ.

ನಾನು ಈವರೆಗೆ ಮಾಡಿದ ಕಟ್ಟಡಗಳೆಲ್ಲ ನೂರಕ್ಕೆ ಒಂದರ ಅಳತೆಯವು. ನಮ್ಮ ಕಸುಬಿನಲ್ಲಿ ಅದೇ ರೂಢಿ. ಬ್ರಾಡ್‌ಗೇಜಿನ ಅಂತರವನ್ನು ನೂರರಿಂದ ಭಾಗಿಸಲು ಕಾಗದವೂ ಬೇಡ: ಹದಿನಾರು ಮುಕ್ಕಾಲು ಮಿಲಿಮೀಟರ್. ನನ್ನ ಹತ್ತಿರ ಇದ್ದದ್ದು ಹದಿನಾರೂವರೆ. ಕೂದಲೆಳೆಯ ಫರಕು. ತಪ್ಪು ಇದ್ದದ್ದು ಹಳಿಯಲ್ಲಲ್ಲ, ಅದರ ಮೇಲೆ ನಾನಿಟ್ಟ, ಅಳತೆ ಮೀರಿದ ಬೋಗಿಯಲ್ಲಿ. ಕ್ಯಾಟಲಾಗು ಎಂಬತ್ತೇಳು ಅಂತು, ನಾನು ಎಂಬತ್ತೇಳು ಅಂದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನೇ. ಮ್ಯಾನೇಜರ್ ಎದುರಿಗೇ ಗೊಳ್ಳೆಂದು ನಕ್ಕುಬಿಟ್ಟೆ. ಅವನು ಪಾಪ, ತನ್ನನ್ನೇ ನೋಡಿ ನಕ್ಕಳೆಂದು ಮುಖ ಸಿಂಡರಿಸಿಕೊಂಡ.

ಕೈಯಿಂದ ಹಾಕಿದ ಹಳಿಯನ್ನು ಅಂದೇ ಕಿತ್ತು ಬದಿಗಿಟ್ಟೆ. ಆ ಚಂದದ ಒಂದು ಫೂಟನ್ನೂ ಬಿಡಲಿಲ್ಲ. ಇನ್ನು ಉಳಿದದ್ದು ಸಿದ್ಧ ಹಳಿಗಳಲ್ಲಿ ಯಾವುದು ಅನ್ನುವ ಪ್ರಶ್ನೆ. ಉಕ್ಕಿನದು ಅಗ್ಗ, ಆದರೆ ನಮ್ಮ ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು, ಹಳಿಯಿಂದ ಎಂಜಿನ್ನಿಗೆ ಕರೆಂಟು ಹಾಯುವುದಿಲ್ಲ. ಹಿತ್ತಾಳೆಯದು ದಿನಾ ತಿಕ್ಕಬೇಕು. ನಿಕ್ಕಲ್ ಬೆರೆತ ಬಿಳಿ ಲೋಹದ್ದೇ ಸರಿ. ಅದರಲ್ಲೂ ಎರಡು ಬಗೆ: ನಿಜದ ಎತ್ತರಕ್ಕೆ ಹತ್ತಿರವಿರುವ ತೆಳ್ಳನೆಯ ಹಳಿ, ಮತ್ತು ಎರಡೂವರೆ ಮಿಲಿಮೀಟರ್ ಎತ್ತರದ ದಪ್ಪ ಹಳಿ. ತೆಳ್ಳನೆಯದು ಚಂದ, ಆದರೆ ದುಬಾರಿ. ಮುಂಭಾಗಕ್ಕೆ, ಕಣ್ಣಿನ ಹತ್ತಿರಕ್ಕೆ, ತೆಳ್ಳನೆಯದನ್ನು ಹಾಕಿ, ಗೋಡೆಯ ಪಕ್ಕಕ್ಕೂ ತುದಿಯ ತಿರುವುಗಳಿಗೂ ದಪ್ಪನೆಯದನ್ನು ಹಾಕೋಣ ಅಂತ ತೀರ್ಮಾನಿಸಿದೆ. ದಪ್ಪ ಹಳಿಯ ಬಾಜುಗಳಿಗೆ ತುಕ್ಕಿನ ಬಣ್ಣ ಬಳಿದು ಸ್ಲೀಪರಿನ ಮಟ್ಟಕ್ಕೆ ಜಲ್ಲಿ ತುಂಬಿದರೆ ಎತ್ತರ ಅಡಗುತ್ತದೆ. ಸ್ಲೀಪರುಗಳ ತುದಿಯನ್ನು ಎರಡೂ ಕಡೆ ಒಂದೊಂದು ಮಿಲಿಮೀಟರ್ ಕತ್ತರಿಸಿ ಸಿಮೆಂಟಿನ ಬಣ್ಣ ಕೊಟ್ಟೆ. ಕಲ್ಲಿನ ಕ್ರಷರಿನಿಂದ ಪುಡಿ ತಂದು ಜರಡಿ ಹಿಡಿದು, ಸಣ್ಣ ಕಾಳನ್ನು ಹಳಿಯ ನಡುವೆ ಹರವಿ, ನೀರಾಗಿಸಿದ ಬಿಳಿ ಅಂಟನ್ನು ಹನಿ ಹನಿಯಾಗಿ ಬಿಟ್ಟೆ. ಹಳೆಯ ಎಂಜಿನ್ನಿನ ಯಂತ್ರಕ್ಕೆ ನೂರರ ಅಳತೆಯ ಹೊಸ ಮೈ ಹೊದಿಸಿದೆ.

ಒಂದು ತುಂಡು ಹಳಿ, ಅದರ ಮೇಲೊಂದು ಬೋಗಿ. ಮತ್ತೆ ಹುಡುಗಿಯ ಮುಂದೆ ಹೋಗಿ ಪರೀಕ್ಷೆಗೆ ಕೂತವಳಂತೆ ಕೂತೆ. ಅವಳು ತುಂಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದಳು.

"ಬಾಜುಕ ತುಕ್ಕು ಹಚ್ಚೀರಿ. ಮ್ಯಾಲ ಹೊಳಿಯಾಕತ್ತೈತಿ."

"ಹೂಂ."

"ಉಳದದ್ದು ಯಾವಾಗ ಹಾಕ್ತೀರಿ?"

ಅಷ್ಟು ಸಾಕಿತ್ತು ನನಗೆ. ಹಜಾರದ ಒಂದು ಗೋಡೆಯುದ್ದಕ್ಕೂ ಮೇಜು ಎದ್ದಿತು. ಕುರ್ಚಿಯಲ್ಲಿ ಕೂತರೆ ಬರೀ ಅಂಚು ಕಾಣಬೇಕು, ಅಷ್ಟು ಎತ್ತರ. ಮುಂಭಾಗಕ್ಕೆ ಮಕ್ಕಳು ಹಿಡಿದುಕೊಳ್ಳಲು ಮರದ ಉದ್ದನೆಯ ಹಿಡಿಕೆ. ಎರಡೂ ತುದಿಯಲ್ಲಿ ರೈಲು ತಿರುಗುವುದಕ್ಕೆಂದು ಹಲಗೆ ದುಂಡಾಗಿ ಹೊರಚಾಚಿತ್ತು. ಹಿಡಿಕೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ರೈಲು ಓಡಲು ಶುರುವಾದಾಗ ಹುಡುಗಿ ಕೆಳಗೆ ಕುರ್ಚಿಯಲ್ಲಿದ್ದಳು. ತಲೆಯ ಮೇಲೆ ಸದ್ದು ಹೋಗುತ್ತಿತ್ತು, ಬರುತ್ತಿತ್ತು. ಕತ್ತು ಉದ್ದ ಮಾಡಿದಳು. "ಮೇಜು ತಗ್ಗಸ್ರಿ."

"ತಗ್ಗೂದಿಲ್ಲ," ಅಂದರು ಮೇಡಂ.

"ಹಂಗಾರ ನನ್ನ ಎತ್ರಿ."

"ಎತ್ತೂದೂ ಇಲ್ಲ."

ರೈಲು ಇನ್ನೊಂದು ಸುತ್ತು ಹಾಕಿ ಬಂತು. ಅವಳು ಎರಡೂ ಕೈಯಿಂದ ಹಿಡಿಕೆ ಹಿಡಿದಳು. ಮೇಡಂ ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟರು. ಎದ್ದಳು. ಮುಖವೆಲ್ಲ ಬೆವರು, ಕಾಲು ಗಡಗಡ ನಡುಗುತ್ತಿತ್ತು, ಕಣ್ಣು ಮಾತ್ರ ಹಳಿಯ ಮೇಲೆ. ಅಜ್ಜಿ ಸೆರಗನ್ನು ಬಾಯಿಗಿಟ್ಟುಕೊಂಡಳು. ನನಗೆ ಅಳು ಬಂತು.

ಇಲ್ಲಿಗೆ ಮುಗಿಯಿತೆಂದು ನಾನು ನೆಮ್ಮದಿಯಿಂದಿದ್ದೆ. ಆದರೆ ಹಳಿ ಒರೆಸಲೆಂದು ಹೋದಾಗಲೆಲ್ಲ ಮೇಡಂ ಮುಖ ಸಪ್ಪಗೆ. ಹುಡುಗಿ ದಿನಾ ನಿಲ್ಲುತ್ತಾಳೆ, ಹೊತ್ತು ಹೆಚ್ಚಿಸಿಕೊಂಡಿದ್ದಾಳೆ, ಎಲ್ಲ ನಿಜ. ಆದರೆ ಮೊದಲ ದಿನ ನಿಂತ ಜಾಗದಲ್ಲೇ, ನೆಟ್ಟ ಕಂಬದ ಹಾಗೆ.

"ಹೆಜ್ಜಿ ಇಡವಲ್ಲಳು," ಅಂದರು ಮೇಡಂ. "ಯಾಕ ಇಡಬೇಕು ಹೇಳ್ರಿ? ನಿಮ್ಮ ರೈಲು ತಾನ ಹೋಗಿ ತಾನ ಆಕಿ ಮುಂದ ಬರ್ತದ. ಒಂದ ದಿವಸನೂ ಎಲ್ಲೂ ನಿಂದ್ರೂದಿಲ್ಲ."

ಹೊಗಳಿದರೋ ಬೈದರೋ ತಿಳಿಯಲಿಲ್ಲ. ರೈಲು ತಡೆಯಿಲ್ಲದೆ ಓಡಬೇಕೆಂದೇ ನಾನು ಅಷ್ಟೆಲ್ಲ ಒದ್ದಾಡಿದ್ದು.

ಮಳೆ ಹಿಡಿದುಕೊಂಡ ವಾರ ಅದು. ತೇವಕ್ಕೆ ಹಲಗೆ ಉಬ್ಬಿ ಒಂದು ಕೂಡುಜಾಗದಲ್ಲಿ ಹಳಿಯ ತುದಿ ಮೇಲೆದ್ದಿರಬೇಕು. ನಾನು ಹಜಾರದ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಕೊನೆಯ ಬೋಗಿ ಪಟ್ಟೆಂದು ಮಗ್ಗುಲಾಯಿತು, ರೈಲು ನಿಂತಿತು. ನನಗೆ ಮೈ ಉರಿದುಹೋಯಿತು. ಚೀಲದಿಂದ ಕಾನಸು ತೆಗೆದುಕೊಂಡೆ, ಹಳಿಯ ತುದಿ ಉಜ್ಜಿ ಮಟ್ಟ ಮಾಡುವ ಸಣ್ಣ ಅರ ಅದು. ಹೊರಟಿದ್ದ ನನ್ನ ಮೊಣಕೈಯನ್ನು ಮೇಡಂ ಗಟ್ಟಿಯಾಗಿ ಹಿಡಿದುಕೊಂಡರು.

ಹುಡುಗಿ ಅತ್ತಿತ್ತ ನೋಡಿದಳು. ಯಾರೂ ಬರಲಿಲ್ಲ. ಬಲಗೈಯನ್ನು ಹಿಡಿಕೆಯ ಮೇಲೆ ಸರಿಸಿದಳು. ಬಲಗಾಲು ಕೈಯ ಹಿಂದೆಯೇ ಆ ಕಡೆ ಸರಿಯಿತು. ಎಡಗಾಲನ್ನು ಎಳೆದುಕೊಂಡಳು. ಹಾಗೆಯೇ ಮಗ್ಗುಲು ಮಗ್ಗುಲಾಗಿ ಬೋಗಿಯ ತನಕ ಹೋಗಿ, ನಾಲಗೆ ಕಚ್ಚಿಕೊಂಡು ಗಾಲಿಗಳನ್ನು ಹಳಿಯ ಮೇಲೆ ಕೂರಿಸಿದಳು.

"ಈಗ ಸರಿ ಮಾಡಿಬಿಡ್ತೇನ್ರಿ ಮೇಡಂ, ಒಂದ ನಿಮಿಷ," ಅಂದೆ ಪಿಸುದನಿಯಲ್ಲಿ.

"ಮಾಡಬ್ಯಾಡ್ರಿ," ಅಂದರು. ಕಣ್ಣು ಹುಡುಗಿಯ ಕಾಲ ಮೇಲೇ ಇತ್ತು. "ಅದನ್ನ ಇನ್ನೊಂದು ಫೂಟು ಆ ಕಡೆ ಸರಸ್ರಿ."

ತಪ್ಪನ್ನು ಸರಿಸುವುದು ತಪ್ಪನ್ನು ತಿದ್ದುವುದಕ್ಕಿಂತ ಕಷ್ಟ. ಹಳಿಯ ತುದಿಯ ಕೆಳಗೆ ಕಾಗದದ ಚೂರಿಟ್ಟು ನೋಡಿದೆ. ಒಂದು ಪದರಕ್ಕೆ ಬೋಗಿ ಬರೀ ಕುಲುಕಿತು. ಎರಡಕ್ಕೆ ಒಮ್ಮೆ ಬಿತ್ತು, ಒಮ್ಮೆ ದಾಟಿತು. ಮೂರಕ್ಕೆ ಎಂಜಿನ್ನೇ ಬಿತ್ತು. ಕೊನೆಗೆ ಎರಡು ಪದರ ಇಟ್ಟು, ಕೊನೆಯ ಬೋಗಿಯೊಳಗಿನ ತೂಕ ತೆಗೆದುಹಾಕಿದೆ. ಎಂಜಿನ್ ದಾಟುತ್ತದೆ, ಅದೊಂದು ಮಾತ್ರ ಬೀಳುತ್ತದೆ. ಗೋಡೆಯ ಕಡೆಗೆ ಬಿದ್ದರೆ ಕೈಗೆ ಸಿಗುವುದಿಲ್ಲವೆಂದು ಹಿಡಿಕೆಯ ಕಡೆಗೇ ಬೀಳುವ ಹಾಗೆ ಮಾಡಿದೆ. ಪ್ರತಿ ವಾರ ಹುಬ್ಬಳ್ಳಿಯಿಂದ ಸತ್ತೂರಿಗೆ ಹೋಗಿ, ಹುಡುಗಿ ಊಟಕ್ಕೆ ಹೋದ ಹೊತ್ತಿನಲ್ಲಿ, ಕಳ್ಳಿಯ ಹಾಗೆ ಆ ತಪ್ಪನ್ನು ಎತ್ತಿ ಒಂದು ಫೂಟು ಆಚೆ ಇಟ್ಟು ಬರುತ್ತಿದ್ದೆ. ನನಗದು ಸ್ವಲ್ಪವೂ ಒಗ್ಗಲಿಲ್ಲ. ಬೋಗಿ ಬಿದ್ದಾಗಲೆಲ್ಲ ಕೈ ತಾನಾಗಿ ಕಾನಸಿನ ಕಡೆ ಹೋಗುತ್ತಿತ್ತು.

"ನಿಮ್ಮ ಹಳಿ ಭಾಳ ಕಚ್ಚಾ ಐತ್ರಿ ಅಕ್ಕಾರ," ಅಂತ ಹುಡುಗಿ ಬೈಯುತ್ತಿದ್ದಳು. "ನಮ್ಮಪ್ಪನ ಸಾಹೇಬ್ರು ನೋಡಿದ್ರ ನಿಮ್ಮನ್ನ ಕೆಲಸದಿಂದ ತಗೀತಿದ್ರು."

"ಖರೇ ಐತವಾ," ಅಂತ ನುಂಗಿಕೊಳ್ಳುತ್ತಿದ್ದೆ.

ಕೊನೆಗೊಂದು ದಿನ ಮೇಡಂ ದುಂಡು ತುದಿಯನ್ನು ತೋರಿಸಿದರು. "ಈ ಸಲ ಅಲ್ಲಿ ಇಡ್ರಿ."

"ಅಲ್ಲಿ ಹಿಡಕೊಳ್ಳಾಕ ಏನೂ ಇಲ್ರಿ."

"ಅದಕ್ಕ."

ಕಾಗದದ ಚೂರನ್ನು ಅಲ್ಲಿ ಇಟ್ಟೆ. ರೈಲು ಹೊರಟಿತು. ಮುಂಭಾಗ ದಾಟಿ, ತಿರುವಿಗೆ ಹೋಗಿ, ಕೊನೆಯ ಬೋಗಿ ಮಗ್ಗುಲಾಯಿತು. ಹುಡುಗಿ ಹಿಡಿಕೆ ಮುಗಿಯುವ ತನಕ ಸರಸರ ಹೋಗಿ ನಿಂತುಬಿಟ್ಟಳು. ಮುಂದೆ ಬರೀ ನೆಲ. ಮೇಡಂ ಅವಳ ಹಿಂದೆ ಎರಡು ಮಾರು ದೂರದಲ್ಲಿ, ಕೈ ಚಾಚಿದರೆ ಹಿಡಿಯಲಾರದಷ್ಟು ದೂರದಲ್ಲಿ, ನಿಂತಿದ್ದರು. ನಾನು ಕಿಟಕಿಯ ಹತ್ತಿರ ಒಂದು ಹಳಿ ತುಂಡನ್ನು ಕಾನಸಿನಿಂದ ಸುಮ್ಮನೆ ಉಜ್ಜುತ್ತಿದ್ದೆ.

"ಅಕ್ಕಾರ, ಬಿತ್ತು. ನೀವ ಎತ್ತಿಡ್ರಿ."

"ನನಗ ಕೆಲಸ ಐತವಾ."

"ಅಜ್ಜಿ..."

"ನನಗ ಆ ಎತ್ತರ ಎಲ್ಲಿ ಎಟಕತೈತಿ?" ಅಂದಳು ಅಜ್ಜಿ.

ಹುಡುಗಿ ಬೋಗಿಯನ್ನು ನೋಡಿದಳು, ನೆಲವನ್ನು ನೋಡಿದಳು. ಒಂದು ಕೈ ಬಿಟ್ಟಳು. ಮತ್ತೆ ಹಿಡಿದಳು. ಆಮೇಲೆ ಎರಡನ್ನೂ ಬಿಟ್ಟಳು. ಹೇಗೆ ಹೋದಳೆಂದು ನಾನು ಹೇಳಲಾರೆ, ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ದುಂಡು ಹಲಗೆಗೆ ಎದೆಯಾನಿಸಿ ಬೋಗಿಯನ್ನು ಕೂರಿಸುತ್ತಿದ್ದಳು. ಕೂರಿಸಿ, ಹೆಬ್ಬೆರಳಿನಿಂದ ಹಳಿಯ ತಲೆಯನ್ನು ಸವರುತ್ತ ಹೋಗಿ ಒಂದು ಕಡೆ ನಿಲ್ಲಿಸಿದಳು.

"ಇಲ್ಲಿ ಎದ್ದೈತಿ ನೋಡ್ರಿ. ನಿಮಗ ಕಾಣೂದ ಇಲ್ಲೇನು? ಇನ್ನ ನಿಮ್ಮನ್ನ ನಂಬಿದ್ರ ಆತು. ತರ್ರಿ ಆ ಕಾನಸು, ನಾನ ಉಜ್ತೇನಿ."

ಹಲಗೆಯಿಂದ ಮೈ ಬಿಡಿಸಿಕೊಂಡು ನನ್ನ ಕಡೆ ತಿರುಗಿ ಕೈ ಚಾಚಿದಳು. ಕಾನಸು ನನ್ನ ಕೈಯಲ್ಲೇ ಇತ್ತು. ಅವಳಿಗೂ ನನಗೂ ನಡುವೆ ಅರ್ಧ ಹಜಾರ. ಓಡಿಹೋಗಿ ಕೊಟ್ಟುಬಿಡಬೇಕೆಂದು ಕಾಲು ತುಡಿಯಿತು. ನಿಂತಲ್ಲಿಂದ ಕದಲಲಿಲ್ಲ.

"ಬಂದು ತೊಗೊ," ಅಂದೆ.

ಬೈದುಕೊಳ್ಳುತ್ತಲೇ ಬಂದಳು.